ಆ ಬಟ್ಟೆ ನಾಯಿಮರಿ ಅವನ ಕೈಯಲ್ಲೇ ಇರಲಿ

ಪ್ರಶ್ನೆ: ಮೇಡಂ, ನಮ್ಮೂರು ದಾವಣಗೆರೆ. ಗಂಡನ ಕೆಲಸದಿಂದಾಗಿ ಐದು ವರ್ಷದಿಂದ ಪೋಲೆಂಡಿನ ವಾರ್ಸಾದಲ್ಲಿದ್ದೇವೆ. ನಮ್ಮ ಕೆಳಗಿನ ಮನೆಯಲ್ಲಿ ಉಕ್ರೇನಿನ ಖಾರ್ಕಿವ್‌ನಿಂದ ಬಂದ ತಾಯಿ, ಆರು ವರ್ಷದ ಮಗ ಇದ್ದಾರೆ. ಬಂದು ಎಂಟು ತಿಂಗಳಾಯಿತು. ಅಪ್ಪ ಅಲ್ಲೇ ಉಳಿದಿದ್ದಾರೆ. ತಾಯಿಗೆ ಸಂಜೆ ಪಾಳಿಯ ಕೆಲಸ. ಹಾಗಾಗಿ ವಾರದಲ್ಲಿ ಮೂರು ಸಂಜೆ ಹುಡುಗ ನಮ್ಮ ಮನೆಯಲ್ಲಿರುತ್ತಾನೆ. ಗಡಿಯಲ್ಲಿ ಯಾರೋ ಕೊಟ್ಟ ಒಂದು ಬಟ್ಟೆ ನಾಯಿಮರಿ ಇದೆ. ಊಟಕ್ಕೂ ಬಿಡುವುದಿಲ್ಲ, ಬಚ್ಚಲಿಗೂ ಬಿಡುವುದಿಲ್ಲ. ಒಮ್ಮೊಮ್ಮೆ ಅದನ್ನು ಟೇಬಲ್ ಕೆಳಗೆ ಕೂರಿಸಿ ಕಿವಿ ಮುಚ್ಚುತ್ತಾನೆ. ಒಮ್ಮೊಮ್ಮೆ ಗೋಡೆಗೆ ಎಸೆಯುತ್ತಾನೆ. ರಾತ್ರಿ ಹಾಸಿಗೆ ಒದ್ದೆಯಾಗುತ್ತದಂತೆ. ಶಾಲೆಯಲ್ಲಿ ಬೊಂಬೆ ತರಬೇಡ ಅಂದಿದ್ದಾರೆ. ನಮ್ಮನೆಯವರು, 'ಗಂಡು ಹುಡುಗ, ಹೀಗೇ ಬಿಟ್ಟರೆ ಅಭ್ಯಾಸ ಆಗುತ್ತೆ, ಮೆಲ್ಲಗೆ ಬಚ್ಚಿಡು' ಅನ್ನುತ್ತಾರೆ. ಯುದ್ಧದ ಮಕ್ಕಳಿಗೆ ಉದ್ದ ಕೈಯ ನಾಯಿ ಬೊಂಬೆ ಕೊಟ್ಟು ಚಿಕಿತ್ಸೆ ಮಾಡುವ ವಿಡಿಯೊ ನೋಡಿದೆ. ನಾನು ಶನಿವಾರ ಹೋಗುವ ಕೇಂದ್ರದಲ್ಲಿ ಇಂಥ ನಲವತ್ತು ಮಕ್ಕಳಿದ್ದಾರೆ. ಇಲ್ಲಿನ ಕನ್ನಡದವರು ಸೇರಿ ಎಲ್ಲರಿಗೂ ಅದನ್ನು ಕೊಡಿಸಬಹುದಾ? ಯುದ್ಧದ ಬಗ್ಗೆ ಹುಡುಗನನ್ನು ಕೇಳಿ ಮನಸ್ಸು ಹಗುರ ಮಾಡಿಸಬೇಕಾ? ಇನ್ನೊಂದು ವಿಷಯ, ನನ್ನ ಐದು ವರ್ಷದ ಮಗಳೂ ಈಗ ಕಿವಿ ಮುಚ್ಚುವ ಆಟ ಆಡುತ್ತಿದ್ದಾಳೆ.

ಉತ್ತರ: ಬಚ್ಚಿಡಬೇಡಿ. ಉಳಿದದ್ದನ್ನೆಲ್ಲ ನಿಧಾನಕ್ಕೆ ಮಾತಾಡೋಣ, ಇದೊಂದು ಮಾತ್ರ ಇವತ್ತೇ ಹೇಳಿಬಿಡುತ್ತೇನೆ. ನಿಮ್ಮ ಯಜಮಾನರಿಗೆ ಕೆಟ್ಟ ಉದ್ದೇಶವೇನಿಲ್ಲ ಅಂತ ಗೊತ್ತು. ಆದರೆ ಆ ಹುಡುಗನಿಂದ ಮನೆ, ಅಪ್ಪ, ಮಂಚ, ಓಣಿ, ಭಾಷೆ ಎಲ್ಲ ಒಂದೇ ಸಲ ಹೋಗಿವೆ. ಯಾವುದೂ ಅವನನ್ನು ಕೇಳಿ ಹೋಗಲಿಲ್ಲ. ಗಡಿ ದಾಟಿದ ಮೇಲೆ ಬದಲಾಗದೆ ಅವನ ಜೊತೆ ಉಳಿದಿರುವುದು ಅಮ್ಮ ಮತ್ತು ಆ ನಾಯಿಮರಿ. ಅದೂ ಒಂದು ಬೆಳಿಗ್ಗೆ ಕಾಣದಿದ್ದರೆ ಅವನು ಕಲಿಯುವ ಪಾಠ ಒಂದೇ: ಇಲ್ಲೂ ಹೇಳದೆ ಕೇಳದೆ ವಸ್ತುಗಳು ಮಾಯವಾಗುತ್ತವೆ.

ಅಭ್ಯಾಸ ಆಗುತ್ತೆ ಅನ್ನುವ ಭಯ ನಮ್ಮಲ್ಲಿ ಎಲ್ಲರಿಗೂ ಇದೆ. ಆದರೆ ನಮ್ಮ ಮನೆಗಳನ್ನೇ ನೋಡಿ. ಅಜ್ಜಿಯ ಹಳೇ ಸೀರೆಯ ತುದಿ ಮೂಗಿಗೆ ಹಿಡಿದರೇ ನಿದ್ದೆ ಬರುವ ಮಗು ಯಾವ ಮನೆಯಲ್ಲಿ ಇರಲಿಲ್ಲ ಹೇಳಿ? ಅದೇ ಕೌದಿ ಬೇಕು, ತೊಳೆದದ್ದು ಬೇಡ ಅಂತ ರಂಪ ಮಾಡಿದವರು ಈಗ ದೊಡ್ಡ ದೊಡ್ಡ ಕೆಲಸದಲ್ಲಿದ್ದಾರೆ. ಇಂಥ ವಸ್ತುಗಳ ಬಗ್ಗೆ 1951ರಲ್ಲಿ ಗಂಭೀರವಾಗಿ ಮಾತಾಡಿದವರು ಡೊನಾಲ್ಡ್ ವಿನ್ನಿಕಾಟ್ ಎಂಬ ಇಂಗ್ಲೆಂಡಿನ ಮಕ್ಕಳ ವೈದ್ಯ. ಅಮ್ಮ ಪಕ್ಕದಲ್ಲಿ ಇಲ್ಲದ ಹೊತ್ತನ್ನು ದಾಟಲು ಮಗು ತಾನೇ ಆರಿಸಿಕೊಳ್ಳುವ ವಸ್ತು ಅದು, ರೋಗದ ಗುರುತಲ್ಲ ಎಂದರು. ಅವರ ಒಂದು ಮಾತು ನನಗೆ ತುಂಬ ಇಷ್ಟ: ಅದರ ಅಗತ್ಯ ತೀರಿದ ಮೇಲೆ ಮಗು ಅದಕ್ಕಾಗಿ ಅಳುವುದೂ ಇಲ್ಲ, ಅದನ್ನು ಮರೆಯುವುದೂ ಇಲ್ಲ, ಸುಮ್ನೆ ಪಕ್ಕಕ್ಕೆ ಇಡುತ್ತದೆ.

ಗಂಡು, ಹೆಣ್ಣು ಅನ್ನುವ ವಿಚಾರ ಇಲ್ಲಿ ಬರುವುದೇ ಇಲ್ಲ. ಭಯಕ್ಕೆ ಅದು ಗೊತ್ತಿಲ್ಲ.

ಈಗ ನೀವು ನೋಡಿದ ವಿಡಿಯೊಗೆ ಬರುತ್ತೇನೆ. ಆ ನಾಯಿಯ ಹೆಸರು ಹಿಬುಕಿ. ಹೀಬ್ರೂ ಭಾಷೆಯಲ್ಲಿ 'ಹಿಬುಕ್' ಅಂದರೆ ಅಪ್ಪುಗೆ. 2006ರಲ್ಲಿ ಇಸ್ರೇಲ್ ಮತ್ತು ಲೆಬನಾನಿನ ಹಿಜ್ಬುಲ್ಲಾ ನಡುವೆ 34 ದಿನ ಯುದ್ಧ ನಡೆಯಿತು. ಗಡಿಯ ಎರಡೂ ಕಡೆ ಮಕ್ಕಳು ನರಳಿದರು. ಉತ್ತರ ಇಸ್ರೇಲಿನಿಂದ ಬಂದ ಕುಟುಂಬಗಳಿದ್ದ ಒಂದು ಶಿಬಿರದಲ್ಲಿ ಟೆಲ್ ಅವಿವ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಅವಿ ಸಾದೆ ಮತ್ತು ಅವರ ತಂಡ ಈ ನಾಯಿಯನ್ನು ಚಿಕ್ಕ ಮಕ್ಕಳಿಗೆ ಕೊಟ್ಟಿತು. ಮುಖ ಬಾಡಿದ ನಾಯಿ. ಮಗುವಿನ ಕೊರಳಿಗೆ ಸುತ್ತಿ ಅಂಟಿಸಬಹುದಾದ ಉದ್ದ ಕೈಗಳು. ಕೊಡುವಾಗ ಒಂದು ಚಿಕ್ಕ ಕಥೆ: ಇವನು ಮೊದಲು ಖುಷಿಯಾಗಿದ್ದ, ಈಗ ಮನೆಯಿಂದ ದೂರ ಬಂದಿದ್ದಾನೆ, ಬೇಜಾರಾಗಿದ್ದಾನೆ, ಗೆಳೆಯರು ಯಾರೂ ಇಲ್ಲ, ನೀನು ಇವನನ್ನು ನೋಡಿಕೊಳ್ಳುತ್ತೀಯಾ?

ಇಡೀ ಉಪಾಯ ಇರುವುದು ಆ ಕೊನೆಯ ಪ್ರಶ್ನೆಯಲ್ಲಿ. ಯುದ್ಧದಿಂದ ಓಡಿ ಬಂದ ಮಗುವನ್ನು ಎಲ್ಲರೂ ನೋಡಿಕೊಳ್ಳುತ್ತಾರೆ. ಬಟ್ಟೆ ಕೊಡುತ್ತಾರೆ, ಬಿಸ್ಕತ್ತು ಕೊಡುತ್ತಾರೆ, ಪಾಪ ಅನ್ನುತ್ತಾರೆ. ಅದರ ಕೈಯಿಂದ ಆಗುವ ಕೆಲಸ ಏನೂ ಉಳಿದಿರುವುದಿಲ್ಲ. ಇಲ್ಲಿ ಯಾರೋ ಅದರ ಸಹಾಯ ಕೇಳುತ್ತಿದ್ದಾರೆ. ನಾಯಿಗೆ ಹಸಿವಾಗಿದೆ ಅಂದಾಗ ಮಗು ತಾನೂ ಊಟಕ್ಕೆ ಕೂರುತ್ತದೆ. ನಾಯಿಗೆ ಭಯವಾಗಿದೆ ಅಂದಾಗ, 'ಹೆದರಬೇಡ, ನಾನಿದ್ದೀನಿ' ಅನ್ನುತ್ತದೆ. ಆ ಮಾತು ಮೊದಲು ಬೀಳುವುದು ಅದರ ಕಿವಿಗೇ.

2008ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ನಾಯಿ ಪಡೆದ ಮಕ್ಕಳಲ್ಲಿ ಅಳು, ನಿದ್ದೆಯ ತೊಂದರೆ, ಅಮ್ಮನಿಗೆ ಅಂಟಿಕೊಳ್ಳುವುದು ಇಂಥ ಒತ್ತಡದ ಲಕ್ಷಣಗಳು ಕಡಿಮೆಯಾದವು. ನಿಮ್ಮ ಪ್ರಶ್ನೆಗೆ ಮುಖ್ಯವಾದ ಅಂಶ ಇನ್ನೊಂದಿದೆ: ಬೊಂಬೆಯನ್ನು ಜಾಸ್ತಿ ಹಚ್ಚಿಕೊಂಡ ಮಕ್ಕಳೇ ಜಾಸ್ತಿ ಚೇತರಿಸಿಕೊಂಡರು. ನಿಮ್ಮ ಯಜಮಾನರಿಗೆ ಇದನ್ನು ಓದಿ ಹೇಳಿ. ಆಮೇಲೆ, ರಾತ್ರಿ ಭಯಪಡುವ 4ರಿಂದ 6 ವರ್ಷದ ಸಾಮಾನ್ಯ ಮಕ್ಕಳ ಮೇಲೆ ಇದೇ ನಾಯಿಯ ಪರೀಕ್ಷೆ ನಡೆಯಿತು. ಕೆಲವರಿಗೆ 'ನೀನು ಇದನ್ನು ಕಾಪಾಡು' ಎಂದರು, ಕೆಲವರಿಗೆ 'ಇದು ನಿನ್ನನ್ನು ಕಾಪಾಡುತ್ತದೆ' ಎಂದರು. ಎರಡರಿಂದಲೂ ಭಯ ಇಳಿಯಿತು. ಅಂದರೆ ಕಥೆ ಹೀಗೇ ಇರಬೇಕೆಂದಿಲ್ಲ. ಜಪಾನಿನಲ್ಲಿ 2011ರ ಸುನಾಮಿ ನಂತರ ಹಿಬುಕಿ ಅಲ್ಲಿಗೂ ಹೋಯಿತು, ಉಕ್ರೇನಿನ ಮಕ್ಕಳಿಗೂ ಬಂತು.

ಹಾಗಂತ ಇದನ್ನು ಔಷಧಿ ಎಂದು ತಿಳಿಯಬೇಡಿ. ಈ ಅಧ್ಯಯನಗಳು ಬಹಳಮಟ್ಟಿಗೆ ತಂದೆತಾಯಿ ಹೇಳಿದ್ದನ್ನೇ ಆಧರಿಸಿವೆ. ಮೈಮನಸ್ಸಿಗೆ ಆಳವಾದ ಗಾಯವಾದ ಮಗುವಿಗೆ ಬೊಂಬೆ ಒಂದೇ ಸಾಕು ಎಂದು ಅವು ಹೇಳಿಲ್ಲ. ನನ್ನ ಅನುಭವವೂ ಅದೇ. ಬೊಂಬೆ ಒಂದು ಸೇತುವೆ. ಆಚೆ ದಡದಲ್ಲಿ ಒಬ್ಬ ದೊಡ್ಡವರು ನಿಂತಿರಬೇಕು.

ನನ್ನದೇ ತಪ್ಪೊಂದನ್ನು ಹೇಳುತ್ತೇನೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಒಂದು ಪರಿಹಾರ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದೆ. ಬೆಂಗಳೂರಿನಿಂದ ಮೂರು ದೊಡ್ಡ ರಟ್ಟಿನ ಪೆಟ್ಟಿಗೆ ತುಂಬ ಆಟಿಕೆ ಬಂತು. ಮಕ್ಕಳು ಖುಷಿಪಡಲಿ ಅಂತ ಹಾಲ್ ಮಧ್ಯೆ ಪೆಟ್ಟಿಗೆ ಬಿಚ್ಚಿಸಿದೆ. ಐದೇ ನಿಮಿಷ. ದೊಡ್ಡ ಮಕ್ಕಳು ಎತ್ತಿಕೊಂಡು ಓಡಿದರು, ಚಿಕ್ಕವರು ಅತ್ತರು, ಒಂದು ಕರಡಿಯ ಕೈ ಕಿತ್ತು ಬಂತು. ಪೆಟ್ಟಿಗೆಯಲ್ಲಿ ಠಠಠ ಅನ್ನುವ ಬಂದೂಕುಗಳೂ ಇದ್ದವು. ಇಡೀ ಮಧ್ಯಾಹ್ನ ಅದೇ ಸದ್ದು. ಒಬ್ಬಳು ಹುಡುಗಿ ಮಾತ್ರ ಆಟಿಕೆಯ ಕಡೆ ನೋಡಲೇ ಇಲ್ಲ. ತನ್ನಮ್ಮನ ಹಳೇ ಶಾಲನ್ನು ಮಡಚಿ, ಅದಕ್ಕೆ ದಾರ ಕಟ್ಟಿ ಪಾಪು ಮಾಡಿಕೊಂಡಿದ್ದಳು. ನಾನು ತರಿಸಿದ ಆಟಿಕೆಗಿಂತ ಅದೇ ಒಳ್ಳೆಯ ಚಿಕಿತ್ಸೆಯಾಗಿತ್ತು. ಅದನ್ನು ಮಾಡಿದವಳು ಮನೋವೈದ್ಯೆಯಲ್ಲ, ಆ ಹುಡುಗಿ.

ಹಾಗಾಗಿ ನಲವತ್ತು ನಾಯಿ ಕೊಡಿಸುವ ವಿಚಾರ. ಹಣ ಇದ್ದರೆ ಕೊಡಿಸಿ, ಬೇಡ ಅನ್ನುವುದಿಲ್ಲ. ಆದರೆ ಆ ಹೆಸರಿನದ್ದೇ ಆಗಬೇಕಿಲ್ಲ. ಮೆತ್ತಗಿರಬೇಕು, ತೊಳೆಯಲು ಬರಬೇಕು, ಮಗುವಿನ ಕಂಕುಳಲ್ಲಿ ಹಿಡಿಯುವಷ್ಟೇ ದೊಡ್ಡದಿರಬೇಕು. ಸದ್ದು ಮಾಡುವುದು ಬೇಡ. (ಊರಿಂದ ಚನ್ನಪಟ್ಟಣದ ಬೊಂಬೆ ತರಿಸಬೇಕು ಅನ್ನಿಸಿದರೆ ಆಟಕ್ಕೆ ತರಿಸಿ, ನನಗೂ ಇಷ್ಟ. ಆದರೆ ಮರದ ಬೊಂಬೆಯನ್ನು ಅಪ್ಪಿಕೊಂಡು ಮಲಗಲು ಆಗುವುದಿಲ್ಲ.) ಮೂರು ವರ್ಷದೊಳಗಿನವರಿದ್ದರೆ ಗುಂಡಿಯ ಕಣ್ಣು ಬೇಡ, ಕಿತ್ತು ನುಂಗುತ್ತವೆ. ಒಂದೇ ಥರದ್ದನ್ನು ಎಲ್ಲರಿಗೂ ಕೊಡಿ. ನಾಲ್ಕೈದು ಜಾಸ್ತಿ ಇರಲಿ, ಕಳೆದುಹೋದಾಗ ಬೇಕಾಗುತ್ತದೆ. ವಾಪಸ್ ಕೇಳುವ ಹಾಗಿದ್ದರೆ ಕೊಡಲೇಬೇಡಿ.

ಕೊಡುವ ರೀತಿ ಮಾತ್ರ ಬೊಂಬೆಗಿಂತ ಮುಖ್ಯ. ರಾಶಿ ಹಾಕಿ ಹಂಚಬೇಡಿ. ಐದಾರು ಮಕ್ಕಳ ಗುಂಪು ಮಾಡಿ, ಅವರ ಭಾಷೆ ಬಲ್ಲ ಒಬ್ಬರು ಪಕ್ಕದಲ್ಲಿ ಕೂತು ಆ ಕಥೆ ಹೇಳಲಿ. ಖಾರ್ಕಿವ್ ಕಡೆಯ ಮನೆಗಳಲ್ಲಿ ರಷ್ಯನ್ ಮಾತು ಜಾಸ್ತಿ, ಬೇರೆ ಕಡೆಯವರದು ಉಕ್ರೇನಿಯನ್. ಯಾರ ಮನೆಯಲ್ಲಿ ಯಾವುದು ಅಂತ ಮೊದಲೇ ಅಮ್ಮಂದಿರನ್ನು ಕೇಳಿ. ಅಮ್ಮಂದಿರಲ್ಲೇ ಇಬ್ಬರು ಮೂವರು ಈ ಕೆಲಸಕ್ಕೆ ಸಿಗಬಹುದು. ಬಾಂಗ್ಲಾದೇಶದ ಕಾಕ್ಸ್ ಬಜಾರ್‌ನ ನಿರಾಶ್ರಿತರ ಶಿಬಿರಗಳಲ್ಲಿ ರೋಹಿಂಗ್ಯಾ ಮಕ್ಕಳಿಗೆ ಬ್ರಾಕ್ ಸಂಸ್ಥೆ ನಡೆಸುವ ಆಟದ ಕೇಂದ್ರಗಳಲ್ಲಿ ಹೀಗೇ ಮಾಡುತ್ತಾರೆ. ಶಿಬಿರದ ಯುವತಿಯರನ್ನೇ ತರಬೇತಿ ಕೊಟ್ಟು ಕೆಲಸಕ್ಕೆ ತೆಗೆದುಕೊಂಡು, ಅವರದೇ ಶಿಶುಪ್ರಾಸಗಳನ್ನು ಹೇಳಿಸುತ್ತಾರೆ. ಇನ್ನೊಂದು ಮಾತು. ಬೊಂಬೆ ಹಿಡಿದ ಮಕ್ಕಳ ಫೋಟೊ ತೆಗೆದು ಗ್ರೂಪಿಗೆ ಹಾಕಬೇಡಿ. ದುಡ್ಡು ಕೊಟ್ಟವರಿಗೆ ನೋಡುವ ಆಸೆ ಇರುತ್ತದೆ, ನಿಜ. ಬೊಂಬೆಗಳ ಫೋಟೊ ಹಾಕಿ, ಸಾಕು.

ನಿಮ್ಮ ಹುಡುಗನಿಗೆ ಮಾತ್ರ ಹೊಸದು ಬೇಡ. ಅವನ ಹತ್ತಿರ ಇರುವುದೇ ಅವನ ಹಿಬುಕಿ. ಶನಿವಾರ ಎಲ್ಲರ ಜೊತೆ ಅವನಿಗೂ ಒಂದು ಬಂದರೆ ಬರಲಿ. ಹಳೆಯದಕ್ಕೆ ಗೆಳೆಯ ಬಂದ ಅನ್ನಿ.

ಅವನ ಆಟದ ಬಗ್ಗೆ ನಿಮಗೆ ಗಾಬರಿಯಾಗಿದೆ. ನಾಯಿಯನ್ನು ಟೇಬಲ್ ಕೆಳಗೆ ಕೂರಿಸಿ ಕಿವಿ ಮುಚ್ಚುವುದು ನಿಜವಾಗಿ ಒಳ್ಳೆಯ ಸುದ್ದಿ. ತಾನು ನೆಲಮಾಳಿಗೆಯಲ್ಲೋ ಮೆಟ್ರೊ ಸ್ಟೇಷನ್‌ನಲ್ಲೋ ಕೂತಾಗ ಅಮ್ಮ ಏನು ಮಾಡಿದಳೋ ಅದನ್ನೇ ಅವನು ಈಗ ನಾಯಿಗೆ ಮಾಡುತ್ತಿದ್ದಾನೆ. ಖಾರ್ಕಿವ್‌ನಲ್ಲಿ 2022ರಲ್ಲಿ ಸಾವಿರಾರು ಜನ ಮೆಟ್ರೊ ಸ್ಟೇಷನ್‌ಗಳಲ್ಲೇ ದಿನಗಟ್ಟಲೆ ಮಲಗಿದ್ದರು, ಆಮೇಲೆ ಅಲ್ಲೇ ತರಗತಿಗಳೂ ಶುರುವಾದವು. ಆರು ವರ್ಷದ ಮಗುವಿಗೆ ಇದನ್ನೆಲ್ಲ ಹೇಳಲು ಮಾತು ಸಾಲದು. ಆಟ ಸಾಕಾಗುತ್ತದೆ. ಎಸೆಯುವುದೂ ಅದೇ ಕಥೆಯ ಇನ್ನೊಂದು ತುಂಡು. ಯುದ್ಧದ ಆಟ ಆಡಿದವರೆಲ್ಲ ಕ್ರೂರಿಗಳಾಗುತ್ತಾರೆ ಅನ್ನುವುದಕ್ಕೆ ಆಧಾರವಿಲ್ಲ.

ನೀವು ನೋಡಬೇಕಾದ್ದು ಬೇರೆ. ಆಟ ಬದಲಾಗುತ್ತಿದೆಯಾ? ಒಂದು ದಿನ ನಾಯಿ ಟೇಬಲ್ ಕೆಳಗಿಂದ ಹೊರಗೆ ಬಂತಾ? ಅದಕ್ಕೆ ತಿಂಡಿ ಸಿಕ್ಕಿತಾ? ನಿಮ್ಮ ಮಗಳಿಗೆ ಅದರಲ್ಲಿ ಒಂದು ಪಾತ್ರ ಸಿಕ್ಕಿತಾ? ಹಾಗಿದ್ದರೆ ಮನಸ್ಸು ತನ್ನ ಕೆಲಸ ಮಾಡುತ್ತಿದೆ. 1976ರಲ್ಲಿ ಅಮೆರಿಕದ ಚೌಚಿಲ್ಲಾದಲ್ಲಿ ಶಾಲಾ ಬಸ್ಸಿನಲ್ಲಿದ್ದ 26 ಮಕ್ಕಳನ್ನು ಅಪಹರಿಸಿ, ನೆಲದಡಿ ಹೂತಿದ್ದ ಒಂದು ಲಾರಿಯೊಳಗೆ ಕೂಡಿಹಾಕಿದ್ದರು. ಎಲ್ಲರೂ ತಪ್ಪಿಸಿಕೊಂಡು ಬಂದರು. ಆಮೇಲೆ ಆ ಮಕ್ಕಳನ್ನು ಅಧ್ಯಯನ ಮಾಡಿದ ಲೆನೋರ್ ಟೆರ್ ಎಂಬ ಮನೋವೈದ್ಯೆ ಒಂದು ಬಗೆಯ ಆಟವನ್ನು ಗುರುತಿಸಿದರು. ಅದೇ ಆಟ, ಅದೇ ಕೊನೆ, ಮುಖದಲ್ಲಿ ನಗುವಿಲ್ಲ, ಆಡಿದ ಮೇಲೆ ಸಮಾಧಾನವೂ ಇಲ್ಲ. ಅಂಥ ಆಟ ವಾರಗಟ್ಟಲೆ ಒಂದು ಎಳೆಯೂ ಬದಲಾಗದೆ ನಡೆದರೆ ನನಗೆ ಚಿಂತೆಯಾಗುತ್ತದೆ.

ಆಟದೊಳಗೆ ನೀವು ಹೋಗಬಹುದು, ನಾಯಿಯ ಮೂಲಕ. 'ಸೊಬಾಚ್ಕಾ' ಅಂದರೆ ರಷ್ಯನ್, ಉಕ್ರೇನಿಯನ್ ಎರಡರಲ್ಲೂ ಪುಟ್ಟ ನಾಯಿ. ಸೊಬಾಚ್ಕಾಗೆ ಚಳಿಯಾ ಅಂತ ಸನ್ನೆಯಲ್ಲೇ ಕೇಳಿ ಒಂದು ಚಿಕ್ಕ ಟವಲ್ ಕೊಡಿ. ಏನಾಗುತ್ತದೋ ನೋಡಿ. ಅವನು ಬೇಡ ಅಂದರೆ ಹಿಂದೆ ಸರಿಯಿರಿ. ಆಟವನ್ನು ಸುಖಾಂತ್ಯಕ್ಕೆ ಎಳೆಯಲು ಹೋಗಬೇಡಿ. 'ಯುದ್ಧ ಮುಗೀತು, ಎಲ್ಲರೂ ಮನೆಗೆ ಹೋದರು' ಅಂತ ನೀವು ಹೇಳಿದರೆ ಅವನು ನಿಮ್ಮನ್ನು ನಂಬುವುದಿಲ್ಲ. ಅವನ ಅಪ್ಪ ಇನ್ನೂ ಅಲ್ಲೇ ಇದ್ದಾರಲ್ಲ.

ಇದರಲ್ಲೇ ನಿಮ್ಮ ಇನ್ನೊಂದು ಪ್ರಶ್ನೆಗೂ ಉತ್ತರ ಇದೆ. ಕೆದಕಬೇಡಿ. ಒಳಗಿರುವುದನ್ನೆಲ್ಲ ಹೊರಹಾಕಿಸಿದರೆ ಹಗುರವಾಗುತ್ತದೆ ಅನ್ನುವ ನಂಬಿಕೆ ಹಳೆಯದು. ಒಂದೇ ಸಲ ಕೂರಿಸಿ ಘಟನೆಯನ್ನೆಲ್ಲ ಹೇಳಿಸುವ ಪದ್ಧತಿಯೂ ಇತ್ತು. ಅದರಿಂದ ಉಪಯೋಗವಿಲ್ಲ, ಕೆಲವರಿಗೆ ಹಾನಿಯೂ ಆಗಬಹುದು ಎಂದು ಈಗ ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಬೇಡ ಅನ್ನುತ್ತದೆ. ಅವನಾಗಿ ಹೇಳಿದರೆ ಕೇಳಿ. ಅರ್ಥವಾಗದಿದ್ದರೂ ಮುಖ ನೋಡಿ ಕೂತುಕೊಳ್ಳಿ. ಫೋನಿನ ಅನುವಾದದ ಆ್ಯಪ್ ಅವನ ಬಾಯಿಗೆ ಹಿಡಿಯಬೇಡಿ. ಅವನು ಹೇಳಿದ್ದನ್ನು ಆಮೇಲೆ ಅವನಮ್ಮನಿಗೆ ತಿಳಿಸಿ, ಬೇರೆ ಯಾರಿಗೂ ಬೇಡ. ಚಿಕ್ಕ ಮಗು, ಮರೆತುಬಿಡುತ್ತೆ ಅನ್ನುವುದೂ ಅರ್ಧ ಸತ್ಯ. ದಿನಾಂಕ, ಜಾಗ ಮರೆಯಬಹುದು. ಸದ್ದು, ವಾಸನೆಯನ್ನು ಮೈ ಮರೆಯುವುದಿಲ್ಲ.

ಸದ್ದು ಅಂದಾಗ ನೆನಪಾಯಿತು. ನೀವಿರುವುದು ವಾರ್ಸಾದಲ್ಲಿ. ಆಗಸ್ಟ್ 1ರ ಸಂಜೆ 5 ಗಂಟೆಗೆ ಊರಿಡೀ ಸೈರನ್ ಕೂಗುತ್ತದೆ, ನಾಜಿಗಳ ವಿರುದ್ಧ ವಾರ್ಸಾದ ಜನ 1944ರಲ್ಲಿ ಎದ್ದ ದಂಗೆಯ ನೆನಪಿಗೆ. ನಿಮಗೆ ಅದು ರೂಢಿಯಾಗಿದೆ. ಅವನಿಗೆ ಅದು ಖಾರ್ಕಿವ್. ಎರಡು ದಿನ ಮೊದಲೇ ಅವನಮ್ಮನಿಗೆ ಹೇಳಿ, ಅವರು ಮಗನಿಗೂ ನಾಯಿಗೂ ಹೇಳಲಿ. ಆ ಹೊತ್ತಿಗೆ ಯಾರಾದರೂ ಅವನ ಕೈ ಹಿಡಿದಿರಲಿ. ಡಿಸೆಂಬರ್ 31ರ ರಾತ್ರಿಯ ಪಟಾಕಿಗೂ ಇದೇ ತಯಾರಿ ಬೇಕು.

ಹಾಸಿಗೆ ಒದ್ದೆಯಾಗುವುದಕ್ಕೆ ಬೈಯಬಾರದು, ನಾಚಿಕೆಪಡಿಸಬಾರದು, 'ನಾಯಿಮರಿ ನೋಡು, ಅದು ಮಾಡಲ್ಲ' ಅಂತ ತಮಾಷೆಗೂ ಹೇಳಬಾರದು. ಯುದ್ಧ ಕಾಣದ ಆರು ವರ್ಷದ ಮಕ್ಕಳಲ್ಲೂ ಸುಮಾರು ಹತ್ತಕ್ಕೊಬ್ಬರಿಗೆ ಇದು ಇರುತ್ತದೆ. ಮೊದಲು ಹೇಗಿತ್ತು ಅಂತ ಅಮ್ಮನನ್ನು ಕೇಳಿ. ಉರಿ, ಜ್ವರ, ಹಗಲಲ್ಲೂ ಸೋರುವುದು ಇದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಲಿ. ನಿದ್ದೆಗೆ ಅಂತ ಯಾರಾದರೂ ದೊಡ್ಡವರ ಮಾತ್ರೆಯ ತುಂಡು ಕೊಡಲು ಹೇಳಿದರೆ ಖಂಡಿತ ಬೇಡ. ಆಘಾತದ ಲಕ್ಷಣಗಳಿಗೆ ಮಕ್ಕಳಿಗೆ ಬೆಂಜೊಡಯಜೆಪಿನ್ ಗುಂಪಿನ ಮಾತ್ರೆ ಕೊಡಬಾರದು.

ಶಾಲೆಯವರ ಜೊತೆ ಜಗಳಕ್ಕೆ ಹೋಗಬೇಡಿ. ಇಪ್ಪತ್ತೈದು ಮಕ್ಕಳಿರುವ ಕಡೆ ಅವರಿಗೂ ಕಷ್ಟವಿದೆ. ಒಂದು ಒಪ್ಪಂದಕ್ಕೆ ಬನ್ನಿ: ನಾಯಿ ಬ್ಯಾಗಿನೊಳಗೆ ಇರುತ್ತದೆ, ಬ್ಯಾಗಿನ ಜಿಪ್ ಸ್ವಲ್ಪ ತೆರೆದಿರುತ್ತದೆ, ಬೇಕಾದಾಗ ಅವನು ಹೋಗಿ ಮುಟ್ಟಿ ಬರಬಹುದು. ಬಹಳಷ್ಟು ಟೀಚರ್‌ಗಳು ಇದಕ್ಕೆ ಒಪ್ಪುತ್ತಾರೆ. ಒಪ್ಪದಿದ್ದರೆ ನಾಯಿಯ ಕೊರಳ ಪಟ್ಟಿಯೋ ಅದೇ ಬಟ್ಟೆಯ ಒಂದು ತುಂಡೋ ಜೇಬಿನಲ್ಲಿರಲಿ. ಆದರೆ ಬೊಂಬೆಯನ್ನೇ ಕತ್ತರಿಸಿ ತೆಗೆಯಬೇಡಿ ಮತ್ತೆ!

ನಿಮ್ಮ ಮಗಳು ಕಿವಿ ಮುಚ್ಚುತ್ತಿರುವುದು ಗೆಳೆಯನ ಆಟ ಕಲಿತಿರುವುದರಿಂದ. ಅವಳಿಗೆ ನಿದ್ದೆ, ಊಟ ಸರಿಯಿದ್ದರೆ ಹೆದರಬೇಕಿಲ್ಲ. 'ಅವನ ಊರಲ್ಲಿ ದೊಡ್ಡ ಸದ್ದಾಗುತ್ತಿತ್ತು, ಅದಕ್ಕೆ ಅವನಿಗೆ ಭಯ. ನಮ್ಮ ಮನೆಯಲ್ಲಿ ಆ ಸದ್ದಿಲ್ಲ' ಎಂದು ಎರಡೇ ಮಾತಲ್ಲಿ ಹೇಳಿ. ನಿಜ ಗೊತ್ತಾದರೆ ಮಕ್ಕಳು ಕಮ್ಮಿ ಹೆದರುತ್ತವೆ. ಅವಳ ಪಾಲಿನ ಹೊತ್ತನ್ನು ಮಾತ್ರ ಅವನಿಗೆ ಕೊಟ್ಟುಬಿಡಬೇಡಿ. ವಾರದ ಉಳಿದ ನಾಲ್ಕು ಸಂಜೆ ಅವಳದ್ದೇ ಆಗಿರಲಿ.

ಇನ್ನು ಅವನಮ್ಮ. ನಿಮ್ಮ ಪತ್ರದಲ್ಲಿ ಅವರ ಬಗ್ಗೆ ಎರಡೇ ಸಾಲು ಇದೆ. ನನಗೆ ಅವರದೇ ಯೋಚನೆ. ಎರಡನೇ ಮಹಾಯುದ್ಧದಲ್ಲಿ ಲಂಡನ್ ಮೇಲೆ ಬಾಂಬು ಬೀಳುತ್ತಿದ್ದಾಗ ಆನಾ ಫ್ರಾಯ್ಡ್ ಮತ್ತು ಡೊರೊಥಿ ಬರ್ಲಿಂಗ್‌ಹ್ಯಾಮ್ ಎಂಬ ಮಕ್ಕಳ ಮನೋವಿಶ್ಲೇಷಕಿಯರು ಅಲ್ಲೇ ಹ್ಯಾಂಪ್‌ಸ್ಟೆಡ್‌ನಲ್ಲಿ ಮಕ್ಕಳ ಆಶ್ರಯ ನಡೆಸಿದರು. ಅವರು ಕಂಡದ್ದು ಇದು: ಅಮ್ಮ ಜೊತೆಗಿದ್ದು ಗಾಬರಿಯಾಗದೆ ಇದ್ದರೆ ಬಾಂಬಿನ ನಡುವೆಯೂ ಚಿಕ್ಕ ಮಕ್ಕಳು ತಡೆದುಕೊಳ್ಳುತ್ತಿದ್ದವು. ಸುರಕ್ಷಿತ ಜಾಗಕ್ಕೆ ಕಳಿಸಲಾದ, ಅಮ್ಮನಿಂದ ಬೇರೆಯಾದ ಮಕ್ಕಳು ಜಾಸ್ತಿ ಕುಗ್ಗುತ್ತಿದ್ದವು. ಈ ಹುಡುಗನ ಅಮ್ಮ ಸಂಜೆ ಪಾಳಿ ಮಾಡಿ, ಗಂಡನ ಫೋನಿಗೆ ಕಾದು, ರಾತ್ರಿ ಹಾಸಿಗೆ ಬದಲಿಸಿ, ಬೆಳಿಗ್ಗೆ ಶಾಲೆಗೆ ಓಡುತ್ತಾರೆ. ನೀವು ಒಂದು ಡಬ್ಬಿ ಚಿತ್ರಾನ್ನ ಕಳಿಸಿ, ವಾರಕ್ಕೊಮ್ಮೆ ಅವರು ಎರಡು ಗಂಟೆ ನಿದ್ದೆ ಮಾಡುವ ಹಾಗೆ ನೋಡಿಕೊಂಡರೆ ಅದೂ ಹುಡುಗನ ಚಿಕಿತ್ಸೆಯೇ.

ತಜ್ಞರ ಹತ್ತಿರ ಯಾವಾಗ ಹೋಗಬೇಕು ಅನ್ನುವುದು ಅವರ ನಿರ್ಧಾರ, ಆದರೆ ದಾರಿ ನೀವು ತೋರಿಸಬಹುದು. ಎಂಟು ತಿಂಗಳು ಕಡಿಮೆ ಸಮಯವಲ್ಲ. ಯುದ್ಧದಿಂದ ಬಂದ ಹೆಚ್ಚಿನ ಮಕ್ಕಳು ಸುರಕ್ಷಿತ ದಿನಚರಿ ಸಿಕ್ಕಿದರೆ ನಿಧಾನಕ್ಕೆ ಸುಧಾರಿಸುತ್ತಾರೆ. ಇವನಲ್ಲಿ ಕೆಟ್ಟ ಕನಸು, ಬೆಚ್ಚಿಬೀಳುವುದು, ಮಾತು ಕಡಿಮೆಯಾಗುವುದು, ಆಟ ಹೆಪ್ಪುಗಟ್ಟುವುದು ಹಾಗೇ ಮುಂದುವರಿಯುತ್ತಿದ್ದರೆ ಈಗಲೇ ಒಮ್ಮೆ ತೋರಿಸುವುದು ಒಳ್ಳೆಯದು. ತನಗೆ ಅಥವಾ ಬೇರೆಯವರಿಗೆ ನೋವು ಮಾಡಿಕೊಳ್ಳುತ್ತಿದ್ದರೆ, ಸಾಯುವ ಮಾತಾಡಿದರೆ ಕಾಯಲೇಬೇಡಿ. ಪೋಲೆಂಡಿನಲ್ಲಿ ಶಾಲೆಗೆ ಹೋಗುವ ಮಕ್ಕಳಿಗೆ 'ಪೊರಾದ್ನ್ಯಾ' ಎಂಬ ಸರ್ಕಾರಿ ಮನೋಸಲಹಾ ಕೇಂದ್ರಗಳಲ್ಲಿ ಸೇವೆ ಉಚಿತ. 116 111 ಮಕ್ಕಳ ಸಹಾಯವಾಣಿಯೂ ಇದೆ. ಆಘಾತಕ್ಕೆಂದೇ ರೂಪಿಸಿದ ಅರಿವಿನ ವರ್ತನಾ ಚಿಕಿತ್ಸೆಗೆ (ಯೋಚನೆ, ನಡವಳಿಕೆಯನ್ನು ಮೆಲ್ಲಗೆ ತಿದ್ದುವ ಮಾತಿನ ಚಿಕಿತ್ಸೆ) ಮಕ್ಕಳಲ್ಲಿ ಒಳ್ಳೆಯ ಆಧಾರವಿದೆ. ಅದರಲ್ಲಿ ಕಷ್ಟವೂ ಇದೆ. ಹಲವು ವಾರ ಹಿಡಿಯುತ್ತದೆ, ಭಾಷೆ ಬಲ್ಲವರು ಬೇಕು, ಮಧ್ಯೆ ಕೆಲ ದಿನ ಭಯ ಹೆಚ್ಚಾದ ಹಾಗೂ ಕಾಣಬಹುದು. ಅರ್ಧಕ್ಕೆ ಬಿಡದಂತೆ ಮೊದಲೇ ಸಮಯ ನೋಡಿಕೊಂಡು ಶುರುಮಾಡಲಿ. ನಾಯಿಮರಿಯೂ ಜೊತೆಗೆ ಹೋಗಬಹುದು. ಚಿಕಿತ್ಸಕರು ಅದನ್ನೇ ಮೊದಲು ಮಾತಾಡಿಸುತ್ತಾರೆ.

ಕೊನೆಗೆ ನೀವು ಕೇಳದೇ ಇರುವ ಒಂದು ವಿಷಯ. ಆ ನಾಯಿ ಇಷ್ಟು ಹೊತ್ತಿಗೆ ಗಲೀಜಾಗಿರುತ್ತದೆ. ಕದ್ದು ತೊಳೆಯಬೇಡಿ, ಅದರ ವಾಸನೆಯೂ ಅವನಿಗೆ ಬೇಕು. 'ಸೊಬಾಚ್ಕಾಗೆ ಸ್ನಾನ' ಅಂತ ಅವನ ಕೈಯಲ್ಲೇ ಬಕೆಟ್ಟಿನಲ್ಲಿ ಮಾಡಿಸಿ, ಬೆಳಿಗ್ಗೆಯೇ ಮಾಡಿಸಿದರೆ ರಾತ್ರಿಯೊಳಗೆ ಒಣಗುತ್ತದೆ. ಅಲ್ಲಿನ ಚಳಿಗಾಲದಲ್ಲಿ ಹೀಟರ್ ಪಕ್ಕದಲ್ಲೇ ಇಡಬೇಕಾದೀತು. ಒಣಗುವ ತನಕ ಅವನೂ ಅಲ್ಲೇ ಕೂರುತ್ತಾನೆ. ಕೂರಲಿ, ನಿಮ್ಮ ಮಗಳನ್ನೂ ಪಕ್ಕಕ್ಕೆ ಕೂರಿಸಿ. ಮುಂದೆ ಒಂದು ಸಂಜೆ ಅವನು ಊಟಕ್ಕೆ ಬರುವಾಗ ನಾಯಿಯನ್ನು ಸೋಫಾದ ಮೇಲೆ ಮರೆತು ಬರುತ್ತಾನೆ. ಆಗ ಯಾರೂ ಚಪ್ಪಾಳೆ ತಟ್ಟಬೇಡಿ, ನೆನಪೂ ಮಾಡಬೇಡಿ. ಸುಮ್ನೆ ಊಟ ಬಡಿಸಿ. ಮನೆಗೆ ಹೊರಡುವಾಗ ಕೇಳಿದರೆ ಎತ್ತಿಕೊಡಿ.